ಬೇಗೂರಿನ ಅಂತರ್‌ಲೋಕೀಯ ಕಾಳಗಕೂಟ: ಒಂದು ಬಹುಆಯಾಮಾತ್ಮಕ ಪರಿಪ್ರೇಕ್ಷ್ಯ

ಪೀಠಿಕೆ

ಕ್ರಿ.ಶ. 9-10ನೇ ಶತಮಾನಗಳ ಸಂಧಿಕಾಲದಲ್ಲಿ ಬೇಗೂರು ಪರಿಸರದವರು ಭಾಗವಹಿಸಿದ ಅಂತರ್‌ಲೋಕೀಯ ಕಾಳಗಕೂಟದ ಸಂಕಥನವನ್ನು ಅದರ ಸ್ಪರ್ಧಾತ್ಮಕ, ಪಾರಿತೋಷಿಕಾತ್ಮಕ ಹಾಗೂ ಮರಣೋತ್ತರಾತ್ಮಕ ನೆಲೆಗಳಲ್ಲಿ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಆಶಯವಾಗಿದೆ. ಇದುವರೆಗಿನವರು ಇದನ್ನು ಬರೀ ‘ಯುದ್ಧ’ ಎಂದು ಕರೆದು ಕೈತೊಳೆದುಕೊಂಡಿದ್ದಾರೆ. ಇದು ಪರಿಪ್ರೇಕ್ಷ್ಯದ ಕೊರತೆ. ಪರಿಪ್ರೇಕ್ಷ್ಯ ಎಂದರೇನು ಎಂಬುದನ್ನು ಮುಂದೆ ಸವಿವರವಾಗಿ ಚರ್ಚಿಸಲಾಗುವುದು. (ಚರ್ಚಿಸುವುದಿಲ್ಲ. ಯಾರೂ ಚರ್ಚಿಸಿದ್ದನ್ನು ನಾನು ಕಂಡಿಲ್ಲ.)

ಲೋಕಲೋಕಗಳ ನಡುವಿನ ಪಂದ್ಯ ಎಂದ ಕೂಡಲೇ ಇಂದಿನ ಹುಡುಗರಿಗೆ ನೆನಪಾಗುವುದು 1992ರಲ್ಲಿ ಬಂದ ಮಾರ್ಟಲ್ ಕಾಂಬ್ಯಾಟ್ ಎಂಬ ವಿಡಿಯೊ ಗೇಮ್. ಅದರಲ್ಲಿ ಹೊರಲೋಕದವರು ಸತತ ಹತ್ತು ಕೂಟ ಗೆದ್ದರೆ ಭೂಲೋಕವೇ ಅವರ ವಶ. ರಾತ್ರಿ ಪಾಳಿ ಮುಗಿಸಿ ಬಂದು ಪಿಜಿಯ ಕೋಣೆಯಲ್ಲಿ ಅದನ್ನು ಆಡುವ ಬೇಗೂರಿನ ಹುಡುಗನಿಗೆ, ಇದಕ್ಕಿಂತ ಸಾವಿರ ವರ್ಷಕ್ಕೂ ಹಳೆಯ, ಇದಕ್ಕಿಂತ ಎಷ್ಟೋ ಉದಾರವಾದ ನಿಯಮಾವಳಿಯ ಕೂಟವೊಂದು ತಾನು ಬಾಡಿಗೆ ಕಟ್ಟುವ ಊರಿನ ಹೆಸರಿನಲ್ಲೇ ದಾಖಲಾಗಿದೆ ಎಂಬುದು ಗೊತ್ತಿಲ್ಲ. ಅವನನ್ನು ದೂರುವುದಿಲ್ಲ. ಅವನು ನಮ್ಮ ವಿಚಾರ ಸಂಕಿರಣಗಳಿಗೆ ತಪ್ಪದೆ ಬಂದಿದ್ದರೂ ಗೊತ್ತಾಗುತ್ತಿರಲಿಲ್ಲ.

ಪರಿಕಲ್ಪನಾತ್ಮಕ ಚೌಕಟ್ಟು

ವೀರಗಲ್ಲು ಎಂಬ ಪದ ಎಲ್ಲರಿಗೂ ಅರ್ಥವಾಗುವುದರಿಂದ ಅದು ಸಂಶೋಧನೆಗೆ ಯೋಗ್ಯವಲ್ಲ. ಇನ್ನು ಮುಂದೆ ಅದನ್ನು ‘ಊರ್ಧ್ವಗಾಮಿ ತ್ರಿಸ್ತರೀಯ ಶಿಲಾ ಫಲಿತಾಂಶಪಟ್ಟಿ’, ಸಂಕ್ಷೇಪವಾಗಿ ಊ.ತ್ರಿ.ಶಿ.ಫ. ಎಂದು ಕರೆಯಲಾಗುವುದು. ಕೆಳಗಿನ ಪಟ್ಟಿಕೆ ಇಹಸ್ತರ: ಕತ್ತಿ, ಗುರಾಣಿ, ಕುದುರೆ, ಬಿದ್ದ ಹೆಣ. ನಡುವಿನದು ಸಾರಿಗೆಸ್ತರ: ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದು ಫಲಸ್ತರ: ಶಿವಲಿಂಗ, ಪೂಜೆ ಮಾಡುವ ಯತಿ, ಕೈಮುಗಿದು ಕುಳಿತ ವೀರ, ಅದರ ಮೇಲೆ ಸೂರ್ಯಚಂದ್ರ. ಮೂರು ಲೋಕ, ಒಂದೇ ಕಲ್ಲು. ಲಿಫ್ಟ್ ಇಲ್ಲದ ಕಾಲದಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಹಡಿ ಹತ್ತಿಸಿದ ಶಿಲ್ಪಿಯ ಬಗ್ಗೆ ಯಾವ ಪ್ರಬಂಧದಲ್ಲೂ ಒಂದು ಸಾಲು ಇರುವುದಿಲ್ಲ. ಅವನ ‘ಪ್ರಜ್ಞಾಪ್ರವಾಹ’ದ ಬಗ್ಗೆ ಮಾತ್ರ ಹನ್ನೆರಡು ಪುಟ ಇರುತ್ತದೆ.

ನಡುವಿನ ಪಟ್ಟಿಕೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಕೆಳಗೆ ಮೈತುಂಬ ಇರಿತ ತಿಂದವನಿಗೆ ಇಲ್ಲಿ ಒಂದು ಗಾಯವಿಲ್ಲ. ತುರುಬು ಕೆದರಿಲ್ಲ. ಎರಡೂ ಕಡೆಯ ಹೆಂಗಸರ ಹೆಗಲ ಮೇಲೆ ಕೈ ಹಾಕಿ, ಬೀಗರ ಊಟಕ್ಕೆ ಹೊರಟ ಮದುಮಗನ ಹಾಗೆ ಹೋಗುತ್ತಿರುತ್ತಾನೆ. ಸಾವನ್ನು ಇಷ್ಟು ನಿರಾಳವಾಗಿ ಕೆತ್ತಿದವನಿಗೆ ಬದುಕಿನ ಮೇಲೆ ಸಿಟ್ಟಿತ್ತೋ ಪ್ರೀತಿಯಿತ್ತೋ ಹೇಳುವುದು ಕಷ್ಟ.

ಕೂಟದ ವಿವರ

ಮುಖ್ಯ ಪಂದ್ಯದ ಫಲಿತಾಂಶಪಟ್ಟಿ ಬೇಗೂರಿನಿಂದ ಹೊರಟು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಆನೆ, ಕುದುರೆ, ಕಾಲಾಳು ಎಲ್ಲ ಒಂದರ ಮೇಲೊಂದು ಬಿದ್ದು ಕಲ್ಲಿನಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಇಡುಕಿರಿದ ಕಾಳಗ. ಗಂಗರ ಎರೆಯಪ್ಪರಸ ಗಂಗವಾಡಿ ತೊಂಬತ್ತಾರುಸಾಸಿರವನ್ನು ಆಳುತ್ತಿದ್ದ ಕಾಲ. ವೀರಮಹೇಂದ್ರನ ವಿರುದ್ಧ ಅಯ್ಯಪದೇವನಿಗೆ ಬೆಂಬಲವಾಗಿ ನಾಗತ್ತರನನ್ನು ಪಡೆಯೊಡನೆ ಕಳಿಸುತ್ತಾನೆ. ತುಂಬೆಪಾಡಿಯಲ್ಲಿ ಕಾಳಗ ಕೈಮೀರುತ್ತದೆ. ನಾಗತ್ತರ ಆನೆಗೆ ಎದುರಾಗಿ ಕಾದಿ ಸಾಯುತ್ತಾನೆ.

ಎದುರಾಳಿಯಾದ ಈ ವೀರಮಹೇಂದ್ರ ಯಾರು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಬಗ್ಗೆ ಅವರು ನಡೆಸಿದ ಕಾಳಗ ತುಂಬೆಪಾಡಿಯದಕ್ಕಿಂತ ದೀರ್ಘವಾದದ್ದು. ಅದರಲ್ಲಿ ಆನೆಗಳಿರಲಿಲ್ಲ ಎಂಬುದೊಂದೇ ಸಮಾಧಾನ.

ಸ್ಪರ್ಧಾಳುಗಳ ವೈಜ್ಞಾನಿಕ ವರ್ಗೀಕರಣ

ಸ್ಪರ್ಧಾಳುಗಳನ್ನು ಏಳು ವರ್ಗಗಳಾಗಿ, ಪ್ರತಿ ವರ್ಗವನ್ನು ಮೂರು ಉಪವರ್ಗಗಳಾಗಿ ವಿಂಗಡಿಸಬಹುದಾಗಿದೆ.

1. ಗಜಾಭಿಮುಖ ವರ್ಗ. ಆನೆಗೆ ಎದುರಾದವರು. ಉದಾಹರಣೆ: ನಾಗತ್ತರ.

2. ಶ್ವಾನ ವರ್ಗ. ಈ ಕೂಟದಲ್ಲಿ ಮನುಷ್ಯರಿಗೆ ಮಾತ್ರ ಪ್ರವೇಶ ಎಂಬ ನಿಯಮವಿರಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಕಾಳಿ ಎಂಬ ನಾಯಿಯದು. ಚೋಳರ ರಾಜಾದಿತ್ಯ ಬಿದ್ದ 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯ ‘ಏನು ಬೇಕೋ ಕೇಳು’ ಎನ್ನುತ್ತಾನೆ. ಮಣಲೇರ ಕೇಳಿದ್ದು ಆ ನಾಯಿಯನ್ನು. ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಎಂದು ಬರೆಸಿದರು. ಇಡೀ ಕೂಟದಲ್ಲಿ ನನಗೆ ಹೆಚ್ಚು ಇಷ್ಟವಾದ ಸ್ಪರ್ಧಿ ಇದೇ. ಇದರ ಮೂರು ಉಪವರ್ಗ ಮಾಡಲು ಮನಸ್ಸು ಬರಲಿಲ್ಲ.

3. ಸಹಮರಣ ಕರಾರಿನ ವರ್ಗ. ಒಡೆಯ ಸತ್ತಾಗ ತಾನೂ ಸಾಯುತ್ತೇನೆಂದು ಮೊದಲೇ ಮಾತು ಕೊಟ್ಟವರು ವೇಳೆವಾಳಿಗಳು. ಉಂಡ ಜೋಳದ ಋಣ ತೀರಿಸಲು ಕಾದುವವರದು ಜೋಳವಾಳಿ. ಒಡೆಯನೊಡನೆ ಹೂಳಿಸಿಕೊಂಡವನು ಕೀಳ್ಗುಂಟೆ. ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗರ ನೀತಿಮಾರ್ಗ ಸಾಯುತ್ತಾ ಮಲಗಿದ್ದಾನೆ. ಅವನ ಕೀಳ್ಗುಂಟೆಯಾದವನ ಹೆಸರು ಅಗರಯ್ಯ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೂರು ತಿಂಗಳ ನೋಟಿಸ್ ಪೀರಿಯಡ್ಡನ್ನು ಗುಲಾಮಗಿರಿ ಎಂದು ಗೊಣಗುವವರು ಈ ಕರಾರಿನ ಷರತ್ತುಗಳನ್ನು ಒಮ್ಮೆ ಓದುವುದು ಒಳ್ಳೆಯದು.

4. ಹಸು ಕದ್ದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವರು (ತುರುಗೊಳ್), ಹೆಂಗಸರ ಮಾನ ಕಾಯಲು ಸತ್ತವರು (ಪೆಣ್ಬುಯ್ಯಲ್), ಊರು ಸುಡುವಾಗ ಸತ್ತವರು (ಊರಳಿವು).

5. ಐದನೆಯದಕ್ಕೆ ಬರುವ ಹೊತ್ತಿಗೆ ಒಂದು ಸತ್ಯ ಹೊಳೆಯುತ್ತದೆ: ಇವರೆಲ್ಲ ಸತ್ತವರು. ವರ್ಗ ಒಂದೇ. ಉಳಿದದ್ದನ್ನು ಇಲ್ಲಿಗೆ ಕೈಬಿಡಲಾಗಿದೆ.

ಪಾರಿತೋಷಿಕ ಮೀಮಾಂಸೆ

ಕೂಟದ ನಿಯಮ ಸರಳ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ. ಎರಡರಲ್ಲಿ ಒಂದು ಖಂಡಿತ ಎಂಬ ಅರ್ಥದ ಸಂಸ್ಕೃತ ಶ್ಲೋಕವನ್ನು ನಾಡಿನ ಎಷ್ಟೋ ವೀರಗಲ್ಲುಗಳ ಮೇಲೆ ಕೊರೆದಿದ್ದಾರೆ. ಸೋತವನಿಗೂ ಬಹುಮಾನವಿರುವ ಇಂಥ ಕೂಟ ಆಮೇಲೆ ನಡೆದದ್ದು ಶಾಲಾ ವಾರ್ಷಿಕೋತ್ಸವಗಳಲ್ಲಿ ಮಾತ್ರ.

ಆದರೆ ಸಂಶೋಧಕ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸುರಾಂಗನೆಯನ್ನು ಕೊಡಲು ರಾಜನ ಬೊಕ್ಕಸದಿಂದ ಒಂದು ಕಾಸೂ ಖರ್ಚಿಲ್ಲ. ನಿಜವಾದ, ಭಾರವಾದ, ತಲೆಮಾರುಗಟ್ಟಲೆ ಉಳಿಯುವ ಬಹುಮಾನವೇ ಬೇರೆ. ನಾಗತ್ತರ ಬಿದ್ದ ಸುದ್ದಿ ಕೇಳಿ ಮೆಚ್ಚಿದ ಎರೆಯಪ್ಪ, ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಬೇಗೂರೂ ಅದರ ಸುತ್ತಿನ ಊರುಗಳೂ ಸೇರಿದ ಗುಂಪನ್ನು, ಕಲ್ನಾಡಾಗಿ ಕೊಟ್ಟ. ವೀರನ ಹೆಸರಿನಲ್ಲಿ ಬಿಟ್ಟ ಭೂಮಿ ಅದು. ಊರುಗಳ ಹೆಸರೂ ಕಲ್ಲಿನಲ್ಲಿವೆ: ಇಗ್ಗಲೂರು ಇದೆ, ಎಲ್ಕುಂಟೆ ಇದೆ. ಇಗ್ಗಲೂರು ಚಂದಾಪುರದ ಹತ್ತಿರ ಇವತ್ತೂ ಅದೇ ಹೆಸರಿನಲ್ಲಿದೆ. ಅಲ್ಲಿಯೂ ಅಪಾರ್ಟ್‌ಮೆಂಟ್ ಬಂದಿವೆ.

ಈಗ ಓದುಗರು ಒಂದು ನಿಮಿಷ ಕಣ್ಣುಮುಚ್ಚಿ ಲೆಕ್ಕ ಹಾಕಿ. ಬೇಗೂರು ರಸ್ತೆ, ಹೊಸ ರೋಡ್, ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನ ಹನ್ನೆರಡು ಊರು, ಖಾತೆ ಸಮೇತ, ಒಂದೇ ಹೆಸರಿಗೆ! ಮಾರ್ಟಲ್ ಕಾಂಬ್ಯಾಟಿನವರು ಇಡೀ ಭೂಲೋಕವನ್ನೇ ಪಣಕ್ಕಿಟ್ಟರೂ ಅದರ ಚದರಡಿ ಬೆಲೆ ಇದಕ್ಕಿಂತ ಕಡಿಮೆಯೇ. ಅಪ್ಸರೆಯರು ನಾಗತ್ತರನನ್ನು ಎತ್ತಿಕೊಂಡು ಹೋದರು. ಊರುಗಳು ಇರುಗನ ಪಾಲಾದವು.

ಸಂಶೋಧನಾ ವಿಧಾನದ ಬಗ್ಗೆ ಒಂದು ಮಾತು

ಈ ಪ್ರಬಂಧದ ಮೊದಲ ರೂಪವನ್ನು ಒಂದು ವಿಚಾರ ಸಂಕಿರಣದಲ್ಲಿ ಮಂಡಿಸಲಾಗಿತ್ತು. ಯಾವ ಸಂಸ್ಥೆ ಎಂಬುದು ಬೇಡ. ಎಲ್ಲ ಕಡೆಯೂ ಒಂದೇ. ಸಸಿಗೆ ನೀರೆರೆಯುವ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಸಸಿಗೆ ಅತಿವೃಷ್ಟಿಯಾಗಿತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ, ಮರದ ನೆನಪಿನ ಕಾಣಿಕೆ. ಆಶಯ ಭಾಷಣ ಮಾಡಿದವರು ‘ಸಮಯದ ಅಭಾವವಿದೆ’ ಎಂಬ ವಾಕ್ಯವನ್ನೇ ಮುಕ್ಕಾಲು ಗಂಟೆ ವಿಸ್ತರಿಸಿದರು. ವೀರಗಲ್ಲು ‘ಪ್ರಭುತ್ವದ ಯಜಮಾನಿಕೆಯ ದೃಶ್ಯಪಠ್ಯ’ ಎಂದು ಒಬ್ಬರು, ‘ಪ್ರತಿರೋಧದ ಚಹರೆ’ ಎಂದು ಇನ್ನೊಬ್ಬರು. ಪ್ರಬಂಧಕಾರರಿಗೆ ಐದು ನಿಮಿಷ ಸಿಕ್ಕಿತು. ಬಂದವರಲ್ಲಿ ಒಬ್ಬರೂ, ಹಾಗಾದರೆ ಆ ಕಲ್ಲುಗಳೆಲ್ಲ ಈಗ ಎಲ್ಲಿವೆ ಸ್ವಾಮಿ, ಎಂದು ಕೇಳಲಿಲ್ಲ.

ಕೇಳಬೇಕಿತ್ತು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಲೂಯಿ ರೈಸ್ 1905ರಲ್ಲೇ ಎಪಿಗ್ರಾಫಿಯ ಕರ್ನಾಟಿಕದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ. ಯಾವ ಹೊಲದ ಬದುವಿನಲ್ಲಿ, ಯಾವ ಗುಡಿಯ ಪಕ್ಕದಲ್ಲಿ ಎಂಬ ಗುರುತು ಸಮೇತ. ಆ ಪುಸ್ತಕ ಹಿಡಿದು ಹೊರಟರೆ ಎಷ್ಟೋ ಕಡೆ ಹೊಲವೂ ಇಲ್ಲ, ಬದುವೂ ಇಲ್ಲ, ಕಲ್ಲೂ ಇಲ್ಲ. ಒಂದು ಮೋರಿಯ ಮೇಲಿನ ಚಪ್ಪಡಿಯಾಗಿದೆ. ಇನ್ನೊಂದು ಬಟ್ಟೆ ಒಗೆಯುವ ಕಲ್ಲಾಗಿದೆ. ಉಳಿದವುಗಳ ಮೇಲೆ ಭಕ್ತಿಯಿಂದ ಆಯಿಲ್ ಪೇಂಟ್ ಬಳಿದಿದ್ದಾರೆ. ಜೀರ್ಣೋದ್ಧಾರದ ಗ್ರಾನೈಟ್ ನೆಲ ಎದ್ದು ಬಂದು ಅರ್ಧ ಅಕ್ಷರ ನುಂಗಿದೆ. ಸಾವಿರ ವರ್ಷ ಮಳೆಬಿಸಿಲು ತಡೆದ ಕಲ್ಲು ನಮ್ಮ ಇಪ್ಪತ್ತೈದು ವರ್ಷದ ಅಭಿವೃದ್ಧಿಯನ್ನು ತಡೆಯಲಾರದೆ ಹೋಯಿತು. ಇದನ್ನು ಯಾವ ಪರಿಪ್ರೇಕ್ಷ್ಯದಲ್ಲಿ ನೋಡಬೇಕು ಎಂದು ಯಾರಾದರೂ ಹೇಳಿದರೆ ಋಣಿಯಾಗಿರುತ್ತೇನೆ.

ಬಹುಮಾನ ಸಿಗದ ಸ್ಪರ್ಧಿ

ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಇನ್ನೊಂದು ಕಲ್ಲಿದೆ. ಕಾಲ ಸುಮಾರು 890. ಆರ್. ನರಸಿಂಹಾಚಾರ್ ಪತ್ತೆಹಚ್ಚಿದ್ದು, 1915ರಲ್ಲಿ. ನಾಲ್ಕಾರು ಸಾಲು. ನಾಗತ್ತರನ ಮಗನ ಮಾತೂ ಬರುತ್ತದೆ. ಅದರೊಡನೆ ನಾಗತ್ತರನ ಮನೆಯಾಳು ಪೆರ್ವೋಣ ಸೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಸತ್ತ ಎಂದಿದೆ. ಬೆಂಗಳೂರು ಎಂಬ ಹೆಸರು ಕಾಣಿಸುವ, ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಅದೇ. ಕೆಂಪೇಗೌಡರು ಹುಟ್ಟುವುದಕ್ಕೆ ಇನ್ನೂ ಆರು ಶತಮಾನ ಇತ್ತು.

ಪೆರ್ವೋಣ ಸೆಟ್ಟಿಗೆ ಏನು ಸಿಕ್ಕಿತು ಎಂದು ಹುಡುಕಿದೆ. ಉಳಿದಿರುವ ಸಾಲುಗಳಲ್ಲಿ ಕಲ್ನಾಡಿನ ಮಾತಿಲ್ಲ. ಪಟ್ಟವಿಲ್ಲ, ಹನ್ನೆರಡು ಊರಿಲ್ಲ. ಯಾರನ್ನು ಕೊಂದ, ಯಾರ ಕೈಯಲ್ಲಿ ಸತ್ತ, ಆನೆ ಇತ್ತೋ ಇಲ್ಲವೋ, ಒಂದೂ ಇಲ್ಲ. ಹೆಸರನ್ನಾದರೂ ನಾವು ನೆಟ್ಟಗೆ ಉಳಿಸಿಕೊಂಡಿದ್ದೇವೆಯೇ? ಪತ್ರಿಕೆಗಳಲ್ಲಿ ಸತ್ತವನು ಬುಟ್ಟಣ ಸೆಟ್ಟಿ ಎಂದೂ ಬಂದಿದೆ. ಕೂಲಿಗೋ ಋಣಕ್ಕೋ ಕಾದಿದ ಒಬ್ಬ ಆಳು ಸತ್ತ ಸುದ್ದಿಯ ಜೊತೆಗೆ ಒಂದು ಮಹಾನಗರದ ಹೆಸರು ಕಲ್ಲಿಗೆ ಹತ್ತಿತು. ಆ ನಗರದಲ್ಲಿ ಅವನ ಹೆಸರಿನ ವೃತ್ತವನ್ನಾಗಲಿ ಮೆಟ್ರೊ ನಿಲ್ದಾಣವನ್ನಾಗಲಿ ನಾನು ಕಂಡಿಲ್ಲ. ಅವನ ಕಲ್ಲು ಬಹಳ ಕಾಲ ಗುಡಿಯ ಆವರಣದಲ್ಲಿ ಕೇಳುವವರಿಲ್ಲದೆ ನೆಲಕ್ಕೆ ಬಿದ್ದಿತ್ತು. ಅದರ ಬಗ್ಗೆ ಓದಲು ನಮ್ಮಂಥವರು ಟಿಎ-ಡಿಎ ತೆಗೆದುಕೊಂಡು ದೂರದ ಊರುಗಳಿಗೆ ಹೋಗಿ ಬಂದೆವು.

ಇಲ್ಲಿ ‘ಮುಂದಿನ ಸಂಶೋಧನೆಯ ಸಾಧ್ಯತೆಗಳು’ ಎಂಬ ಅಧ್ಯಾಯ ಬರಬೇಕು. ಬರೆಯುವುದಿಲ್ಲ. ಅದರ ಬದಲು ಒಂದು ವಿನಂತಿ. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಕಲ್ಲು 2018ರಲ್ಲಿ ಸಿಕ್ಕಿದ್ದು ಮೋರಿ ಕೆಲಸ ನಡೆಯುವಾಗ. ಶಾಸನಗಳ ಹುಚ್ಚಿದ್ದ ಕೆಲವರ ಕಣ್ಣಿಗೆ ಬಿತ್ತು, ಜನ ದುಡ್ಡು ಹಾಕಿ ಅದಕ್ಕೊಂದು ಮಂಟಪ ಕಟ್ಟಿದರು. ಬೇಗೂರು, ಸಿಂಗಸಂದ್ರ, ಹೊಮ್ಮದೇವನಹಳ್ಳಿ, ಕೂಡ್ಲು ಕಡೆ ಇರುವವರೇ, ನಿಮ್ಮ ಲೇಔಟಿನಲ್ಲಿ ಜೆಸಿಬಿ ಅಗೆಯುವಾಗ ಗೀರುಗೀರಾಗಿ ಅಕ್ಷರದಂಥದ್ದು ಕಾಣುವ ಕಲ್ಲು ಮೇಲೆ ಬಂದರೆ ಡ್ರೈವರನನ್ನು ಹತ್ತು ನಿಮಿಷ ನಿಲ್ಲಿಸಿ. ಕಾಫಿ ಕೊಡಿಸಿ. ಕಲ್ಲಿನ ಮೇಲಿನ ಮಣ್ಣನ್ನು ಬರೀ ನೀರು ಹಾಕಿ ತೊಳೆದು, ಓರೆ ಬೆಳಕಿನಲ್ಲಿ ಒಂದು ಫೋಟೊ ತೆಗೆದು, ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿಡುತ್ತಿರುವ ಮಿಥಿಕ್ ಸೊಸೈಟಿಗೆ ತಿಳಿಸಿ. ಸುಣ್ಣ, ಪೇಂಟು ಬಳಿಯಬೇಡಿ.