ಸೀಸರನೂ ಬೋಂಡವೂ

ನನ್ನ ತಲೆಯಲ್ಲಿ ಈಗ ಉಳಿದಿರುವುದು ಕಿವಿಗಳ ಸುತ್ತಲಿನ ಗಡಿನಾಡು ಮಾತ್ರ. ಹಾಗಾಗಿ ಸೀಸರ್ ಎಂಬ ಹೆಸರಿಗೆ ‘ದಟ್ಟಗೂದಲಿನವ’ ಎಂಬ ಅರ್ಥವೂ ಉಂಟೆಂದು ಓದಿ ಹೊಟ್ಟೆ ಉರಿಯಿತು. ಜೂಲಿಯಸ್ ಸೀಸರನ ತಲೆಯೂ ಬೋಳಾಗಿತ್ತೆಂದು ತಿಳಿದ ಮೇಲೆ ತಣ್ಣಗಾಯಿತು. ಸೆನೆಟ್ಟು ಕೊಟ್ಟ ಗೌರವಗಳಲ್ಲೆಲ್ಲ, ಸದಾ ಲಾರೆಲ್ ಎಲೆಯ ಕಿರೀಟ ತೊಡುವ ಹಕ್ಕೇ ಅವನಿಗೆ ಬಲು ಇಷ್ಟವಾಗಿತ್ತಂತೆ, ಸ್ವೆಟೋನಿಯಸ್ ಬರೆದಿಟ್ಟಿದ್ದಾನೆ.

“ನನಗೂ ಅಂಥದ್ದೊಂದು ಬೇಕು ಕಣೇ” ಎಂದೆ.

“ಒಗ್ಗರಣೆಗೆ ಹಾಕಿ ಮಿಕ್ಕಿದ ಕರಿಬೇವಿದೆ, ತಗೊಳ್ಳಿ” ಎಂದಳು ಹೆಂಡತಿ.

ರೋಮನ್ನರ ಮೂರನೆಯ ಹೆಸರು ಎಷ್ಟೋ ಸಲ ನಮ್ಮ ಹಳ್ಳಿಯ ಅಡ್ಡಹೆಸರಿನಂತೆಯೇ ಹುಟ್ಟಿದ್ದು. ಕ್ರಾಸಸ್ ಎಂದರೆ ದಪ್ಪನವ, ನಾಸೋ ದೊಡ್ಡ ಮೂಗಿನವ, ಕ್ಯಾಲ್ವಸ್ ಬೋಳ. ಒಬ್ಬನೇ ಮೂರನ್ನೂ ಇಟ್ಟುಕೊಳ್ಳಬಹುದಾ ಎಂದು ಮಗಳು ನನ್ನನ್ನೇ ನೋಡುತ್ತ ಕೇಳಿದಳು. ಸೀಸರ್ ಎಂಬುದಕ್ಕೆ ಆನೆ, ಬೂದುನೀಲಿ ಕಣ್ಣು, ತಾಯ ಹೊಟ್ಟೆ ಕೊಯ್ದು ತೆಗೆದ ಕೂಸು ಎಂದೂ ಹಳಬರು ಅರ್ಥ ಹೇಳಿದ್ದಾರೆ. ಜೂಲಿಯಸ್ಸನೇ ಹಾಗೆ ಹುಟ್ಟಿದ ಎನ್ನುವುದನ್ನು ನಾನಂತೂ ನಂಬುವುದಿಲ್ಲ. ಅವನ ತಾಯಿ ಔರೇಲಿಯಾ ಮಗ ದಂಡನಾಯಕನಾಗುವವರೆಗೂ ಬದುಕಿದ್ದಳು. ಆ ಕಾಲದಲ್ಲಿ ಹೊಟ್ಟೆ ಕೊಯ್ಸಿಕೊಂಡ ತಾಯಿ ಉಳಿಯುವುದೆಲ್ಲಿ ಬಂತು?

ಅವನು ಸತ್ತ ಮೇಲೆ ಹೆಸರೇ ಪದವಿಯಾಯಿತು. ಜರ್ಮನಿಯಲ್ಲಿ ಕೈಸರ್, ರಷ್ಯಾದಲ್ಲಿ ಜಾರ್. 1877ರ ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾ ರಾಣಿಯೂ ‘ಕೈಸರ್-ಇ-ಹಿಂದ್’ ಆದಳು. ಆ ಹೆಸರಿನ ಪದಕ ಗಾಂಧೀಜಿಗೂ ಬಂದಿತ್ತು, 1920ರಲ್ಲಿ ಹಿಂದಿರುಗಿಸಿದರು. ನಮ್ಮ ಮನೆಗೆ ಬಂದದ್ದು ಸೀಸರ್ ಸಲಾಡ್. ಡಾಕ್ಟರು ಕರಿದದ್ದು ಮುಟ್ಟಬೇಡಿ ಎಂದ ದಿನವೇ ಮಗಳು ತರಿಸಿದಳು. ಈ ಸೊಪ್ಪಿಗೂ ರೋಮಿನ ಸೀಸರನಿಗೂ ಏನೇನೂ ಸಂಬಂಧವಿಲ್ಲ. ಮೆಕ್ಸಿಕೋದ ತಿಹುವಾನಾದಲ್ಲಿ ಹೋಟೆಲು ನಡೆಸುತ್ತಿದ್ದ ಸೀಸರ್ ಕಾರ್ಡಿನಿಯ ಹೆಸರಿನದು. ತಿಂದು ಕೈತೊಳೆಯುವಷ್ಟರಲ್ಲಿ ಮತ್ತೆ ಹಸಿವು.

ಆಗ ನೆನಪಾದದ್ದು ಸೀಸರನ ಗುಪ್ತಲಿಪಿ. ಗುಟ್ಟಿನ ಪತ್ರಗಳಲ್ಲಿ ಅವನು ಪ್ರತಿ ಅಕ್ಷರದ ಬದಲು ಅದರ ಮುಂದಿನ ಮೂರನೆಯದನ್ನು ಬರೆಯುತ್ತಿದ್ದ. ನಮ್ಮ ಮನೆಯ ಖರ್ಚಿನ ಪುಸ್ತಕ ಹೆಂಡತಿಯ ಕೈಯಲ್ಲಿ. ಪೈಸೆಗೂ ಲೆಕ್ಕ ಬೇಕು. ವರ್ಣಮಾಲೆಯಲ್ಲಿ ಮೂರು ಮನೆ ಸರಿಸಿದೆ: ಬ ಹೋಗಿ ಯ ಆಯಿತು, ಡ ಹೋಗಿ ತ ಆಯಿತು. ಬೀದಿ ಕೊನೆಯ ಗಾಡಿಯಲ್ಲಿ ತಿಂದದ್ದು ‘ಯೋಂತ, 40 ರೂಪಾಯಿ’ ಎಂದು ಪುಸ್ತಕ ಸೇರಿತು.

“ರೀ, ಯಾರ್ರೀ ಅದು ಯೋಂತ? ಸಂಜೆ ಆದರೆ ಸಾಕು, ದುಡ್ಡು ಕೊಟ್ಟು ಬರ್ತೀರಲ್ಲ!”

ಬೋಂಡ ಎಂದರೆ ಪಥ್ಯ ಕೆಟ್ಟೀತು, ಸುಮ್ಮನಿದ್ದರೆ ಸಂಸಾರವೇ ಕೆಟ್ಟೀತು. ಗೆಳೆಯ ಎಂದೆ. ಹಾಗಾದರೆ ಊಟಕ್ಕೆ ಕರೆಯಿರಿ ಎಂದಳು. ಮಗಳು ಪುಸ್ತಕ ಎಳೆದುಕೊಂಡು, ಬೆರಳು ಮಡಚುತ್ತ ಹಿಂದಕ್ಕೆ ಎಣಿಸಿದಳು. “ಅಮ್ಮಾ, ಇವರು ಆಗಲೇ ಅಪ್ಪನ ಹೊಟ್ಟೆಯಲ್ಲಿದ್ದಾರೆ!”

ಆ ರಾತ್ರಿ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ. ಮುಚ್ಚಿದ ಪಾತ್ರೆಯ ಮೇಲೊಂದು ಚೀಟಿ: ‘ನಿಮಗೆ ಚಂಟಿ’. ಹೆಸರೇ ಎಷ್ಟು ರುಚಿಯಾಗಿದೆ! ಉತ್ತರ ಕರ್ನಾಟಕದ ಸಿಹಿಯಿರಬೇಕು ಎಂದುಕೊಂಡು ಕೈತೊಳೆದು ಕೂತೆ. ಚ, ಙ, ಘ, ಗ... ಟ, ಞ, ಝ, ಜ...

ಉಪ್ಪಿನಕಾಯಿಯನ್ನೂ ಎತ್ತಿಟ್ಟಿದ್ದರು.