ಸೊಂಡಿಲಿಗೆಷ್ಟು ದುಡ್ಡು?

ಮನುಷ್ಯರನ್ನೆಲ್ಲ ದಪ್ಪಗಿರುವವರು, ಕಟ್ಟುಮಸ್ತಾಗಿರುವವರು, ಕಡ್ಡಿಯಂತಿರುವವರು ಎಂದು ಮೂರು ಪಂಗಡ ಮಾಡಿ, ಮೈಕಟ್ಟು ನೋಡಿ ಸ್ವಭಾವ ಹೇಳಬಹುದೆಂದು ನಂಬಿದ್ದವರು ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಶೆಲ್ಡನ್ ಸಾಹೇಬರು. ಮನುಷ್ಯರನ್ನು ಅಳೆದು ಸಾಕಾಗದೆ ನಾಣ್ಯಗಳಿಗೂ ಕೈಹಾಕಿದರು. 1949ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳ ಬಗ್ಗೆ ಪುಸ್ತಕ ಬರೆದು, ಅದರಲ್ಲಿ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿ ಹಾಕಿದರು. ಇದೊಂದು ನಾಣ್ಯ ಎಂದು ಗುರುತು ಸಿಗುವಷ್ಟು ಮಾತ್ರ ಉಳಿದಿದ್ದರೆ 1. ಟಂಕಸಾಲೆಯಿಂದ ಬಿದ್ದ ಮೇಲೆ ಗಾಳಿಯೂ ಸೋಕಿಲ್ಲ ಎನ್ನುವಂತಿದ್ದರೆ 70. ನೂರಕ್ಕೆ ಅಂಕ ಕೊಡದೆ 70ಕ್ಕೆ ಯಾಕೆ ಕೊಟ್ಟರು ಎಂದರೆ, ಅವರ ಲೆಕ್ಕದಲ್ಲಿ ಅಂಕವೇ ಬೆಲೆ. 1 ಅಂಕದ್ದಕ್ಕೆ ಒಂದು ಡಾಲರಾದರೆ 70 ಅಂಕದ್ದಕ್ಕೆ 70 ಡಾಲರು. ಈ ಲೆಕ್ಕವನ್ನು ಮಾರುಕಟ್ಟೆ ಬಹಳ ದಿನ ಉಳಿಯಗೊಡಲಿಲ್ಲ. ಅಂಕಗಳು ಮಾತ್ರ ಉಳಿದು, ಸಮುದ್ರ ದಾಟಿ, ಬೆಂಗಳೂರಿನ ನಾಣ್ಯಮೇಳಗಳವರೆಗೂ ಬಂದು ನನ್ನಂಥವರ ಜೇಬಿಗೆ ಸಂಚಕಾರ ತಂದಿವೆ.

ಮೇಳದಲ್ಲಿ ಅಂಕಗಳಿಗಿಂತ ಅಕ್ಷರಗಳ ಓಡಾಟ ಜಾಸ್ತಿ. ಯುಎನ್‌ಸಿ ಎಂದರೆ ಚಲಾವಣೆಗೇ ಹೋಗದ್ದು. ಅದರ ಕೆಳಗೆ ಎಕ್ಸ್‌ಎಫ್, ಆಮೇಲೆ ವಿಎಫ್, ಫೈನ್, ತೀರಾ ಕೆಳಗೆ ಗುಡ್. ಗುಡ್ ಎನಿಸಿಕೊಂಡ ನಾಣ್ಯದಲ್ಲಿ ರಾಜನ ಮೂಗು, ಕಿವಿ, ಕಿರೀಟ ಎಲ್ಲ ಒಂದೇ ಮಟ್ಟಕ್ಕೆ ಬಂದು ಸಮಾನತೆ ಸಾಧಿಸಿರುತ್ತವೆ. ಶೆಲ್ಡನ್ ಪಟ್ಟಿಯಲ್ಲಿ 60ರಿಂದ 70ರವರೆಗಿನ ಹನ್ನೊಂದು ಅಂಕಗಳೂ ಯುಎನ್‌ಸಿಗೇ ಮೀಸಲು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 624 ಬಂದ ಹುಡುಗಿಯ ಮನೆಯವರು ಆ ಒಂದು ಅಂಕ ಎಲ್ಲಿ ಹೋಯಿತೆಂದು ಮರುಮೌಲ್ಯಮಾಪನಕ್ಕೆ ಹಾಕುತ್ತಾರಲ್ಲ, ಅಂಥದೇ ಸಂಕಟ ಇಲ್ಲಿಯೂ. 64ಕ್ಕೂ 65ಕ್ಕೂ ನಡುವಿನ ವ್ಯತ್ಯಾಸ ನನ್ನ ಕನ್ನಡಕಕ್ಕೆ ಕಾಣದು, ಭೂತಗನ್ನಡಿಗೂ ಅರೆಬರೆಯಾಗಿಯೇ ಕಾಣುವುದು. ಬೆಲೆ ಬರೆದ ಚೀಟಿಯಲ್ಲಿ ಮಾತ್ರ ದೂರದಿಂದಲೇ ಕಾಣುತ್ತದೆ. 1986ರಲ್ಲಿ ಅಮೆರಿಕದಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಕಂಪನಿಗಳು ಶುರುವಾಗಿ, ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಅಂಕದ ಚೀಟಿ ಹಚ್ಚಿ ಕೊಡಲಾರಂಭಿಸಿದವು. ಅದಕ್ಕೆ ಸ್ಲ್ಯಾಬ್ ಎನ್ನುತ್ತಾರೆ. ಅಂದಿನಿಂದ ನಾಣ್ಯ ನೋಡದೆ ಚೀಟಿ ನೋಡಿ ಕೊಳ್ಳುವವರ ಸಂತತಿಯೂ ಹುಟ್ಟಿಕೊಂಡಿದೆ.

ಸ್ಲ್ಯಾಬ್ ಇಲ್ಲದ ನಾಣ್ಯಕ್ಕೆ ಅಂಗಡಿಯವನ ನಾಲಿಗೆಯೇ ಚೀಟಿ.

“ಯುಎನ್‌ಸಿ ಪೀಸು ಸಾರ್, ಕಣ್ಣು ಮುಚ್ಚಿ ತಗೊಳ್ಳಿ.”

“ಕೆನ್ನೆ ಸವೆದಿದೆಯಲ್ಲಪ್ಪ?”

“ಸವೆದಿದ್ದಲ್ಲ ಸಾರ್, ಹುಟ್ಟಿದಾಗಲೇ ಹಂಗೆ. ಅಚ್ಚು ವೀಕು.”

ಅದೇ ನಾಣ್ಯವನ್ನು ನಾಳೆ ಮಾರಲು ಹೋದರೆ ಹುಟ್ಟುಗುಣವೆಲ್ಲ ಸವೆತವಾಗಿ, ಎರಡು ದರ್ಜೆ ಕೆಳಗಿಳಿದಿರುತ್ತದೆ. ಮೇಜಿನ ಆ ಕಡೆ ಇದ್ದಾಗ ಒಂದು ದರ್ಜೆ, ಈ ಕಡೆ ಬಂದಾಗ ಇನ್ನೊಂದು.

ಹಾಗಾದರೆ ಕೊಟ್ಟ ದುಡ್ಡಿಗೆ ಮೋಸವಾಗದ ದರ್ಜೆ ಯಾವುದು? ಶೆಲ್ಡನ್ ಸಾಹೇಬರು ತಮ್ಮ ಮಟ್ಟಿಗೆ ಇದಕ್ಕೊಂದು ಉತ್ತರ ಕಂಡುಕೊಂಡಿದ್ದರು. ಅದು ಜಗತ್ತಿಗೆ ತಿಳಿದದ್ದು 1977ರಲ್ಲಿ ಅವರು ತೀರಿಕೊಂಡ ಮೇಲೆ. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹ ನೋಡಲು ಹೋಗುತ್ತಿದ್ದ ಸಾಹೇಬರು ಅಲ್ಲಿನ ಉತ್ತಮ ದರ್ಜೆಯ ಸೆಂಟುಗಳನ್ನೆತ್ತಿಕೊಂಡು, ಅವುಗಳ ಜಾಗದಲ್ಲಿ ಅದೇ ಬಗೆಯ ತಮ್ಮ ಕೆಳದರ್ಜೆಯವನ್ನಿಟ್ಟು ಬಂದಿದ್ದರು. ಎಣಿಸಿದರೆ ಒಂದೂ ಕಡಿಮೆಯಿಲ್ಲ! ದರ್ಜೆಗೆ ಅಂಕ ಕಟ್ಟಿದವರಿಗೆ ಮೇಲಿನ ದರ್ಜೆ ಪುಕ್ಕಟೆಯಾಗಿ ಸಿಗುವ ದಾರಿಯೂ ಗೊತ್ತಿತ್ತು. ಸೊಸೈಟಿ ಕೋರ್ಟು ಕಚೇರಿ ಅಲೆದು ನಾಣ್ಯಗಳನ್ನು ವಾಪಸು ಪಡೆಯಬೇಕಾಯಿತು.

ನನಗೆ ಅಷ್ಟು ಧೈರ್ಯವಿಲ್ಲ. ಆದ್ದರಿಂದ ನಾನು ಆನೆ ನೋಡಿ ದುಡ್ಡು ಕೊಡುತ್ತೇನೆ.

1911ರಲ್ಲಿ ಐದನೆಯ ಜಾರ್ಜ್ ದೊರೆಯ ಹೆಸರಿನ ಮೊದಲ ಬೆಳ್ಳಿ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯಿತ್ತು. ಅಚ್ಚು ಕೊರೆದವನು ಸೊಂಡಿಲಿನ ವಿಷಯದಲ್ಲಿ ಜಿಪುಣತನ ಮಾಡಿದ್ದರಿಂದ ಅದು ಜನರ ಕಣ್ಣಿಗೆ ಹಂದಿಯಾಗಿ ಕಂಡಿತು. ಹಂದಿಯನ್ನು ಎದೆಯ ಮೇಲೆ ಹೊತ್ತ ರೂಪಾಯಿಯನ್ನು ಮುಟ್ಟುವುದು ಹೇಗೆ ಎಂದು ಮುಸ್ಲಿಮರು ಸಹಜವಾಗಿಯೇ ಕೆರಳಿದರು. ಸರ್ಕಾರ ಬೆದರಿ ನಾಣ್ಯಗಳನ್ನು ವಾಪಸು ತರಿಸಿ ಕರಗಿಸಿತು. 1912ರ ರೂಪಾಯಿಯಲ್ಲಿ ಯಾರಿಗೂ ಅನುಮಾನ ಬರದಂಥ ಸೊಂಡಿಲು ಇಳಿಬಿದ್ದಿತು. ಕರಗದೆ ಉಳಿದ 1911ರವೇ ಇವತ್ತು ಸಂಗ್ರಾಹಕರ ಬಾಯಲ್ಲಿ ನೀರೂರಿಸುವ ‘ಪಿಗ್ ರುಪಿ’.

ಈಗ ದರ್ಜೆಯ ಮಾತು. ಗುಡ್ ದರ್ಜೆಯ 1911ರಲ್ಲಿ ನಿಲುವಂಗಿಯೆಲ್ಲ ಇಸ್ತ್ರಿ ಹಾಕಿದಂತೆ ನುಣ್ಣಗಿರುತ್ತದೆ. ಅಲ್ಲಿ ಆನೆಯೂ ಇಲ್ಲ, ಹಂದಿಯೂ ಇಲ್ಲ, ಗಲಾಟೆಗೆ ಕಾರಣವೇ ಇಲ್ಲ. ಇಸವಿಯೊಂದಕ್ಕೇ ದುಡ್ಡು ಸುರಿದಂತಾಯಿತು. ವಿಎಫ್‌ಗೆ ಬಂದರೆ ಏನೋ ಒಂದು ನಾಲ್ಕು ಕಾಲಿನ ಪ್ರಾಣಿ ನಿಂತಿದೆ ಎನ್ನಬಹುದು. ಎಕ್ಸ್‌ಎಫ್‌ನಲ್ಲಿ ಪ್ರಾಣಿಯ ಮೂತಿ ಸ್ಪಷ್ಟವಾಗಿ, ಎದುರು ಕೂತವರೊಡನೆ ಜಗಳವಾಡುವಷ್ಟು ಸಾಮಗ್ರಿ ಸಿಗುತ್ತದೆ. ಅಲ್ಲಿಂದ ಯುಎನ್‌ಸಿಗೆ ಹತ್ತಿದರೆ ಬೆಲೆ ಎಗರುತ್ತದೆ, ಹೊಳಪು ಹೆಚ್ಚುತ್ತದೆ, ಪ್ರಾಣಿ ಮಾತ್ರ ಅದೇ. ಎಕ್ಸ್‌ಎಫ್‌ನಲ್ಲಿ ಹಂದಿಯಂತೆ ಕಂಡದ್ದು ಯುಎನ್‌ಸಿಯಲ್ಲಿ ಆನೆಯಾಗಿಬಿಡುವುದಿಲ್ಲ. ಸೊಂಡಿಲು ಕಾಣುವ ತನಕ ದುಡ್ಡು ಕೊಡು, ಅದರಾಚೆ ಒಂದು ಪೈಸೆಯನ್ನೂ ಬಿಚ್ಚಬೇಡ ಎಂಬುದು ನಾನು ನನಗೇ ಹಾಕಿಕೊಂಡಿರುವ ಕಟ್ಟಳೆ.

ಇದೇ ಕಟ್ಟಳೆ ಟಿಪ್ಪು ಸುಲ್ತಾನನ ತಾಮ್ರದ ಪೈಸೆಯ ಮುಂದೆ ಬೇರೆ ರೂಪ ತಾಳುತ್ತದೆ. ಅಲ್ಲಿ ಆನೆ ನಿಲುವಂಗಿಯ ಮೂಲೆಯಲ್ಲಿ ಅಡಗಿಲ್ಲ, ನಾಣ್ಯದ ತುಂಬ ಅದೇ. ಹಿಂಬದಿಯಲ್ಲಿ ಟಂಕಸಾಲೆಯ ಹೆಸರು. ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ನಮ್ಮ ಬಿದನೂರು. ಕೈಯಲ್ಲಿ ಸುತ್ತಿಗೆಯಿಂದ ಹೊಡೆದ ನಾಣ್ಯವಾದ್ದರಿಂದ ಯಂತ್ರದ ರೂಪಾಯಿಗೆ ಮಾಡಿದ ಅಂಕದ ಲೆಕ್ಕ ಇಲ್ಲಿ ಕುಂಟುತ್ತದೆ. ಹೊಡೆತ ಒಂದಿಷ್ಟು ಪಕ್ಕಕ್ಕೆ ಸರಿದಿದ್ದರೆ ಸವೆತವೇ ಇಲ್ಲದ ನಾಣ್ಯದಲ್ಲೂ ಆನೆಯ ಬಾಲ ಹೊರಗೆ ಉಳಿದುಬಿಟ್ಟಿರುತ್ತದೆ. ನಾನಾದರೋ ಸ್ವಲ್ಪ ಸವೆದರೂ ಸೊಂಡಿಲಿನಿಂದ ಬಾಲದವರೆಗೆ ಪೂರ್ತಿ ಇರುವ ಆನೆಯನ್ನೇ ಆರಿಸುತ್ತೇನೆ. ಇಸವಿ ಓದುವಂತಿರಬೇಕು, ಅದನ್ನೂ ಹುಷಾರಾಗಿ ಓದಬೇಕು. 1787ರಲ್ಲಿ ಸುಲ್ತಾನ ಪ್ರವಾದಿಯವರ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. 1215 ಎಂಬುದು ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ. ಭವಿಷ್ಯದಿಂದ ಬಂದ ನಾಣ್ಯ ಎಂದು ಮಾರುವವರು ಇನ್ನೂ ಹುಟ್ಟಿಲ್ಲ ಎನ್ನುವುದೇ ಸಮಾಧಾನ.

ಆನೆಯಿಲ್ಲದ ನಾಣ್ಯಗಳಿಗೆ ತಲೆ ಕೆಡಿಸಿಕೊಳ್ಳುವುದು ಕಡಿಮೆ. 1939ಕ್ಕೆ ಮುಂಚಿನ ಸಾಮಾನ್ಯ ವರ್ಷದ ರೂಪಾಯಿ ಸವೆದಿದ್ದರೆ ಅದು ನಾಣ್ಯವಲ್ಲ, ಬೆಳ್ಳಿ. ತೂಕ ಹನ್ನೊಂದೂವರೆ ಗ್ರಾಮಿನ ಮೇಲೆ, ಅದರಲ್ಲಿ ನೂರಕ್ಕೆ ತೊಂಬತ್ತೊಂದು ಚಿಲ್ಲರೆ ಪಾಲು ಬೆಳ್ಳಿ. ಹಾಗೆ ಧಾರಾಳವಾಗಿ ಸಿಗುವುದನ್ನು ಕೊಳ್ಳುವುದಾದರೆ ಕಣ್ಣಿಗೆ ಹಬ್ಬವಾಗುವಂಥ ದರ್ಜೆಯದನ್ನೇ ಕೊಳ್ಳಬೇಕು. ಕೈಗೇ ಸಿಗದ 1939ರ ರೂಪಾಯಿಯಾದರೆ ದೊರೆಗೆ ಕಿವಿಯಿದೆಯೋ ಇಲ್ಲವೋ ಎಂದು ಕೇಳಬಾರದು. ಅಲ್ಲಿ ಕೇಳಬೇಕಾದದ್ದು ಒಂದೇ, ಆ ಒಂಬತ್ತು ಹುಟ್ಟಾ ಒಂಬತ್ತೋ, ಇಲ್ಲಾ 1938ರ ಎಂಟಕ್ಕೆ ಯಾರಾದರೂ ಶಸ್ತ್ರಚಿಕಿತ್ಸೆ ಮಾಡಿದ್ದಾರೋ.

ದರ್ಜೆ ಇಳಿಸುವುದರಲ್ಲಿ ಕಾಲಕ್ಕಿಂತ ಚುರುಕಾದ್ದು ನಮ್ಮ ಭಕ್ತಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಹಳೆಯ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಾಲಲ್ಲಿ ಅದ್ದಿ, ಕುಂಕುಮ ಇಟ್ಟು ಕಲಶದ ಮುಂದೆ ಜೋಡಿಸುವ ಮನೆಗಳಿಂದ ಬಂದ ನಾಣ್ಯಗಳನ್ನು ದೂರದಿಂದಲೇ ಗುರುತಿಸಬಹುದು. ಫಳಫಳ ಹೊಳೆಯುತ್ತವೆ, ದೊರೆಯ ಗಡ್ಡದ ಸಂದಿಯಲ್ಲಿ ಕೆಂಪು ಉಳಿದಿರುತ್ತದೆ. ತಿಕ್ಕಿದ ನಾಣ್ಯಕ್ಕೆ ಯಾವ ಕಂಪನಿಯೂ ನೆಟ್ಟಗೆ ಅಂಕ ಕೊಡುವುದಿಲ್ಲ. ಲಕ್ಷ್ಮಿ ಪ್ರಸನ್ನಳಾದಷ್ಟೂ ನಾಣ್ಯದ ಬೆಲೆ ಇಳಿಯುತ್ತದೆ ಎಂದು ನಾನು ಮನೆಯಲ್ಲಿ ಹೇಳಿ ನೋಡಿದೆ.

“ನಿಮ್ಮ ನಾಣ್ಯಕ್ಕೆ ಎರಡು ವರ್ಷದಿಂದ ಗಾಳಿ ಬೆಳಕು ಇಲ್ಲ. ಇನ್ನು ಲಕ್ಷ್ಮಿ ಕಣ್ಣಿಗೆ ಹೇಗೆ ಬೀಳಬೇಕು ಹೇಳಿ” ಎಂದು ಉತ್ತರ ಬಂತು.

ಸರಿ, ಅದರ ಇತಿಹಾಸವಾದರೂ ತಿಳಿಯಲಿ ಎಂದು ನನ್ನ ಎಕ್ಸ್‌ಎಫ್ ದರ್ಜೆಯ 1911ರ ರೂಪಾಯಿಯನ್ನೂ ಭೂತಗನ್ನಡಿಯನ್ನೂ ಅವಳ ಕೈಗಿಟ್ಟು, ಆನೆ ಹಂದಿಯ ಕಥೆಯನ್ನೆಲ್ಲ ಹೇಳಿದೆ. ಕಿಟಕಿಯ ಬೆಳಕಿಗೆ ಹಿಡಿದು, ಅತ್ತ ತಿರುಗಿಸಿ ಇತ್ತ ತಿರುಗಿಸಿ, ಬಹಳ ಹೊತ್ತು ನೋಡಿದಳು.

“ಎರಡೂ ಅಲ್ಲ ಕಣ್ರೀ,” ಎಂದು ಗಾಜನ್ನು ವಾಪಸು ಕೊಟ್ಟಳು. “ಇದು ಕುರಿ.”