ಸ್ವಾಗತನೃತ್ಯದ ಕುಮಾರಿ

ಬೀದರ ಸೀಮೆಯಲ್ಲಿ ಸಭೆಯೊಂದು ಸಭೆಯೆನ್ನಿಸಿಕೊಳ್ಳಬೇಕಾದರೆ ವೇದಿಕೆಯ ಮೇಲೆ ಗಣ್ಯರ ಒಂದು ಸಾಲು, ಅದರ ಹಿಂದೆ ಕುರ್ಚಿ ದೊರೆಯದ ಗಣ್ಯರ ಮತ್ತೊಂದು ಸಾಲು, ಮೂಲೆಯಲ್ಲಿ ಶಾಲು-ಹಾರಗಳ ಗಂಟು, ಇವೆಲ್ಲಕ್ಕೂ ಮೊದಲು ಐದು ನಿಮಿಷಗಳ ಸ್ವಾಗತನೃತ್ಯ ಇರತಕ್ಕದ್ದೆಂಬುದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲವಾದರೂ, ಬರೆದಿಟ್ಟ ಶಾಸ್ತ್ರಗಳೆಲ್ಲಕ್ಕಿಂತ ಹೆಚ್ಚಿನ ನಿಷ್ಠೆಯಿಂದ ಪಾಲಿತವಾಗುತ್ತಿರುವ ವಿಧಿ. ಆ ಐದು ನಿಮಿಷಗಳ ಅಧಿದೇವತೆಯೇ ನಮ್ಮ ಕುಮಾರಿ. ಬೀದರಿನ ಚನ್ನಬಸವ ಪಟ್ಟದ್ದೇವರ ರಂಗಮಂದಿರದ ಬದಿಯ ಕೋಣೆಯಲ್ಲಿ, ಭಾಲ್ಕಿಯ ಯಾವುದೋ ಕಲ್ಯಾಣಮಂಟಪದ ಅಡುಗೆಮನೆಯ ಹಿತ್ತಿಲಲ್ಲಿ, ಔರಾದಿನ ಪೆಂಡಾಲಿಗೆ ಆತು ನಿಂತ ಟ್ರ್ಯಾಕ್ಟರಿನ ಮರೆಯಲ್ಲಿ, ಮುಖಕ್ಕೆ ಬಣ್ಣ, ಕಾಲಿಗೆ ಗೆಜ್ಜೆ, ಹೆಗಲಿಗೆ ತಾಯಿಯ ಹಳೆಯ ಶಾಲು ಧರಿಸಿ ಮಧ್ಯಾಹ್ನ ಮೂರರಿಂದಲೇ ಸಿದ್ಧಳಾಗಿ ಕುಳಿತಿರುವ ಈಕೆಯನ್ನು ನೀವು ಕಾಣದಿರುವುದು ಶಕ್ಯವಿಲ್ಲ. ವಯಸ್ಸು ಇಪ್ಪತ್ತೆರಡು ತುಂಬಿದೆ. ಆದರೆ ಹತ್ತರ ಪ್ರಾಯದಲ್ಲಿ ಯಾರೋ ನಿರೂಪಕರು ದಯಪಾಲಿಸಿದ ‘ಬಾಲಪ್ರತಿಭೆ’ ಎಂಬ ಬಿರುದನ್ನು ಹಿಂದಕ್ಕೆ ಪಡೆಯುವ ಅಧಿಕಾರ ಯಾರಿಗಿದೆಯೆಂಬುದು ಇನ್ನೂ ನಿರ್ಣಯವಾಗದಿರುವುದರಿಂದ, ಆಕೆ ಬಾಲಪ್ರತಿಭೆಯಾಗಿಯೇ ಮುಂದುವರಿದಿದ್ದಾಳೆ. ಮದುವೆಯಾಗಿ ಮಕ್ಕಳಾದ ಮೇಲಾದರೂ ಈ ಬಾಲ್ಯ ಮುಗಿದೀತೆಂಬ ಭರವಸೆ ನನಗಿಲ್ಲ.

ಕುಮಾರಿ ಕಲಿತದ್ದು ಐದು ನಿಮಿಷಗಳ ವಿದ್ಯೆಯಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ದಾಟಿ ವಿದ್ವತ್ತಿನ ಮೆಟ್ಟಿಲೇರಿದವಳು. ಹತ್ತೊಂಬತ್ತನೆಯ ಶತಮಾನದಲ್ಲಿ ತಂಜಾವೂರಿನ ಸಹೋದರ ಚತುಷ್ಟಯರು ಕ್ರಮಗೊಳಿಸಿದ, ಅವರಲ್ಲಿ ಹಿರಿಯನಾದ ಚಿನ್ನಯ್ಯನ ಮೂಲಕ ಮುಮ್ಮಡಿ ಕೃಷ್ಣರಾಜರ ಮೈಸೂರಿಗೂ ಬಂದಿಳಿದ ಭರತನಾಟ್ಯದ ಮಾರ್ಗಪದ್ಧತಿಯನ್ನು ಅಲರಿಪುವಿನಿಂದ ತಿಲ್ಲಾನದವರೆಗೆ ಅಕ್ಷರಶಃ ಬಲ್ಲವಳು. ಆ ಪದ್ಧತಿಯ ನಡುವಿನಲ್ಲಿ ಮೇರುವಿನಂತೆ ನಿಂತಿರುವುದು ವರ್ಣ. ಅರ್ಧ ಗಂಟೆಗೆ ಕಡಮೆಯಿಲ್ಲದ, ಒಂದೊಂದು ವೇಳೆ ಮುಕ್ಕಾಲು ಗಂಟೆಯನ್ನೂ ನುಂಗುವ, ಜತಿಗಳಲ್ಲಿ ಕಾಲನ್ನೂ ಸಂಚಾರಿಗಳಲ್ಲಿ ಮುಖವನ್ನೂ ಸಮನಾಗಿ ಪರೀಕ್ಷಿಸುವ ಈ ಮಹಾಬಂಧವನ್ನು ಆಕೆ ಬೆಳಗಿನ ಐದು ಗಂಟೆಗೆದ್ದು ವರ್ಷಗಟ್ಟಲೆ ಸಾಧಿಸಿದ್ದಾಳೆ. ಅದನ್ನು ಪೂರ್ತಿಯಾಗಿ ಕಂಡವರಾದರೋ ಗುರುಗಳು, ಪರೀಕ್ಷಕರು, ಮತ್ತು ನಿದ್ದೆಗೆಟ್ಟ ಕೆಳಮನೆಯವರು. ಈ ಮೂವರ ಹೊರಗೆ ಜಿಲ್ಲೆಯಲ್ಲಿ ಬಹುಕಾಲ ನಾಲ್ಕನೆಯವರಿರಲಿಲ್ಲ.

ಏಕೆಂದರೆ ಸಂಘಟಕರ ಮಾತು ಎಲ್ಲೆಡೆಯೂ ಒಂದೇ: “ತಂಗಿ, ಐದೇ ನಿಮಿಷ ನೋಡ್ರಿ. ಸಾಹೇಬ್ರಿಗಿ ಮುಂದ ಹುಮನಾಬಾದಕ್ಕ ಹೋಗೋದದ.” ಸಾಹೇಬರಿಗೆ ಸದಾ ಹುಮನಾಬಾದಿಗೆ ಹೋಗುವುದಿರುತ್ತದೆ. ಹುಮನಾಬಾದಿನಲ್ಲೇ ಸಭೆಯಾದರೆ ಬೀದರಿಗೆ ಹೋಗುವುದಿರುತ್ತದೆ.

ಇಂಥ ನರ್ತಕಿಯ ಚಿತ್ರ ಅವಳ ತಂದೆಯಿಲ್ಲದೆ ಪೂರ್ಣವಾಗದು. ವೃತ್ತಿಯಿಂದ ಹೈಸ್ಕೂಲು ಮಾಸ್ತರರು. ಪ್ರವೃತ್ತಿಯಿಂದ ಮಗಳ ವ್ಯವಸ್ಥಾಪಕರು, ಭಾರವಾಹಕರು, ಛಾಯಾಗ್ರಾಹಕರು, ಹಾಗೂ ಮೈಕ್‌ಸೆಟ್ಟಿನ ಹುಡುಗನ ಚಿರಶತ್ರುಗಳು. ಹಾಡನ್ನು ತುಂಬಿದ ಪೆನ್‌ಡ್ರೈವ್ ಒಂದನ್ನು ಅಂಗಿಯ ಜೇಬಿನಲ್ಲಿ, ಒಂದನ್ನು ಕನ್ನಡಕದ ಡಬ್ಬಿಯಲ್ಲಿ, ಒಂದನ್ನು ಹೆಂಡತಿಯ ಪರ್ಸಿನಲ್ಲಿ ಇರಿಸಿಕೊಂಡು ಹೊರಡುವ ಈ ದೂರದರ್ಶಿಯು, ಮೈಕ್‌ಸೆಟ್ಟಿನ ಹುಡುಗನು ನಾಲ್ಕನೆಯ ಪೆನ್‌ಡ್ರೈವ್ ಒಂದನ್ನು ತನ್ನಲ್ಲಿಯೇ ಇಟ್ಟುಕೊಂಡಿರಬಹುದೆಂಬುದನ್ನು ಮಾತ್ರ ಊಹಿಸಲಾರರು. ಗಣೇಶಸ್ತುತಿಗೆಂದು ಅಂಜಲಿ ಹಿಡಿದು ನಿಂತ ಮಗಳ ತಲೆಯ ಮೇಲೆ ಸಿನೆಮಾದ ಡೊಳ್ಳು ಸುರಿದಾಗ, ಆಕೆ ಮುಖದ ಮುಗುಳ್ನಗೆಯನ್ನು ಎಳೆಯಷ್ಟೂ ಸಡಿಲಿಸದೆ ನಿಂತಿರುವ ರೀತಿ, ತಂದೆ ಎರಡೂ ಕೈಗಳಿಂದ ಮೈಕ್‌ಸೆಟ್ಟಿನ ಕಡೆಗೆ ಅಭಿನಯಿಸುವ ರೌದ್ರ, ಇವೆರಡನ್ನೂ ಏಕಕಾಲದಲ್ಲಿ ನೋಡಿದವರಿಗೆ ಅಭಿನಯಸಾಮರ್ಥ್ಯ ಆ ಮನೆತನದಲ್ಲಿ ಎಲ್ಲಿಂದ ಹರಿದುಬಂದಿತೆಂಬ ಸಂಶಯ ಉಳಿಯುವುದಿಲ್ಲ.

ಮಾಸ್ತರರು ಓದಿಕೊಂಡವರು. ರಷ್ಯದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ 1922ರಲ್ಲಿ ಭಾರತಕ್ಕೆ ಬಂದದ್ದು, ಮುಂದೆ ಆಕೆಯ ಸ್ನೇಹದಿಂದಲೇ ರುಕ್ಮಿಣೀದೇವಿಯವರು ಸ್ವದೇಶದ ನೃತ್ಯದ ಕಡೆಗೆ ಹೊರಳಿ 1936ರಲ್ಲಿ ಕಲಾಕ್ಷೇತ್ರವನ್ನು ಕಟ್ಟಿದ್ದು, ಇವೆಲ್ಲ ಅವರಿಗೆ ಕಂಠಸ್ಥ. ಭಾಲ್ಕಿಯ ರೈಲಿನಲ್ಲಿ ಮಗಳ ಮುಖ ಬಾಡಿದುದನ್ನು ಕಂಡು ಒಮ್ಮೆ ಸಮಾಧಾನ ಹೇಳಿದರಂತೆ: “ಪಾವ್ಲೋವಾ ಬಾಯಿ ಸಾಯೋ ಹಂಸದ ಡ್ಯಾನ್ಸ್ ಮಾಡಿ ಜಗತ್ತೆಲ್ಲ ಗೆದ್ದಳು. ಅದು ಎಷ್ಟೊತ್ತಿಂದು ಗೊತ್ತೇನವ್ವಾ? ನಾಕೇ ನಿಮಿಷ!” ಮಗಳು ಕಿಟಕಿಯ ಹೊರಗೆ ನೋಡುತ್ತಲೇ ಉತ್ತರಿಸಿದಳಂತೆ: “ಖರೇ ಅದ ಅಪ್ಪಾ. ಆದ್ರ ಆ ಹಂಸಕ್ಕ ಯಾರಿಗೂ ಸ್ವಾಗತ ಮಾಡು ಅಂತ ಯಾರೂ ಅಂದಿದ್ದಿಲ್ಲ.”

ಆದರೆ ಭಾಲ್ಕಿ ಇಂಥವರಿಗೆ ದಾರಿ ತೋರಿಸದೆ ಬಿಡುವ ಊರಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಹಿರೇಮಠದ ಚನ್ನಬಸವ ಪಟ್ಟದ್ದೇವರ ಆ ಊರಿನಲ್ಲಿ, ಕುಮಾರಿಯೂ ಅದೇ ನೀತಿಯನ್ನು ಯಥಾಶಕ್ತಿ ಅನುಸರಿಸುತ್ತಾಳೆ. ಆಮಂತ್ರಣಪತ್ರಿಕೆಯಲ್ಲಿ ಮುದ್ರಿತವಾಗುವುದು ‘ವಚನನೃತ್ಯ’. ನಡುನಡುವೆ ನುಸುಳುವುದು ವರ್ಣದ ಜತಿ. ವಚನವನ್ನು ಹಾಡಿದವರಿಗೆ ಎರಡು ಸಾಲುಗಳ ಮಧ್ಯೆ ಇಷ್ಟು ದೀರ್ಘವಾದ ತಾಳವಿನ್ಯಾಸ ಎಲ್ಲಿಂದ ಬಂತೆಂದು ತಿಳಿಯದು, ಕೇಳಿದವರಿಗೆ ಅಲ್ಲಿ ಅದು ಇರಬಾರದೆಂದು ತಿಳಿಯದು. ಹೀಗೆ ಕಂತುಕಂತಾಗಿ, ಬಸವಜಯಂತಿಗೊಂದು ತುಣುಕು, ರಾಜ್ಯೋತ್ಸವಕ್ಕೊಂದು ತುಣುಕೆಂಬ ಲೆಕ್ಕದಲ್ಲಿ ಅರ್ಧ ವರ್ಣವನ್ನು ಆಕೆ ಭಾಲ್ಕಿಯವರಿಗೆ ಅವರ ಅರಿವಿಗೆ ಬಾರದಂತೆ ಮುಟ್ಟಿಸಿಬಿಟ್ಟಿದ್ದಾಳೆ.

ಔರಾದಿನ ಕಥೆ ಬೇರೆ. ಅಲ್ಲಿಗೆ ರೈಲಿಲ್ಲ, ಬಸ್ಸೇ ಗತಿ. ಮಹಾರಾಷ್ಟ್ರದ ಗಡಿಗೆ ಮೈಯೊಡ್ಡಿಕೊಂಡ ತಾಲೂಕಾದುದರಿಂದ ನಿರೂಪಣೆ ಕನ್ನಡದಲ್ಲಿ, ಚಪ್ಪಾಳೆ ಮರಾಠಿಯಲ್ಲಿ. ನೃತ್ಯ ಮುಗಿಸಿ ಬಂದವಳ ಗಲ್ಲವನ್ನು ಮುದುಕಿಯೊಬ್ಬಳು ಅಕ್ಕರೆಯಿಂದ ಸವರಿ, “ಭಾಳ ಛಲೋ ಕುಣದಿ ನನ ಮಗಳಾ. ಲಾವಣಿ ಬರ್ತದೇನು?” ಎಂದು ಕೇಳಿದ್ದುಂಟು. ಶಿವರಾತ್ರಿಯ ಆಸುಪಾಸಿನಲ್ಲಿ ಅಮರೇಶ್ವರನ ಜಾತ್ರೆ ನೆರೆಯುವ ಆ ನಾಡಿನಲ್ಲಿ ದೇವಣಿ ತಳಿಯ ಎತ್ತುಗಳಿಗಿರುವ ಮರ್ಯಾದೆ ಅಲ್ಪವಾದುದಲ್ಲ. ಅಂಥದೊಂದು ಸಂದರ್ಭದಲ್ಲಿ ಉತ್ತಮ ಎತ್ತಿಗೆ ಹಾರ, ಗುಲಾಲು, ರೊಕ್ಕದ ಬಹುಮಾನ ಸಂದು, ಅದರ ಬೆನ್ನಿಗೇ ನಮ್ಮ ಕುಮಾರಿಗೆ ಶಾಲು, ಪ್ರಶಸ್ತಿಪತ್ರ, ಪ್ಲಾಸ್ಟಿಕ್ಕಿನ ಸ್ಮರಣಿಕೆ ಸಂದುವು. ಎತ್ತಿಗೆ ಸ್ಮರಣಿಕೆಯಿಂದ ಉಪಯೋಗವಿಲ್ಲವೆಂಬುದನ್ನು ಸಂಘಟಕರು ವಿವೇಚಿಸಿದ್ದರು. ಕಲಾವಿದೆಗೂ ಇಲ್ಲವೆಂಬಲ್ಲಿಗೆ ಆ ವಿವೇಚನೆ ಮುಂದುವರಿಯಲಿಲ್ಲ. ಮಾಸ್ತರರ ಮನೆಯ ಕಪಾಟಿನಲ್ಲಿ ಈಗ ಸ್ಮರಣಿಕೆಗಳಿಗೆ ಎಡೆಯಿಲ್ಲದೆ ಪುಸ್ತಕಗಳು ಮಂಚದ ಕೆಳಗಿಳಿದಿವೆ.

ಆಕೆಯ ಭಾಗ್ಯೋದಯವಾದದ್ದೂ ಔರಾದ ತಾಲೂಕಿನಲ್ಲಿಯೇ, ಅದೂ ಮುಖ್ಯ ಅತಿಥಿಗಳ ಕೃಪೆಯಿಂದ. ಅತಿಥಿಗಳು ಬರಲಿಲ್ಲ. ಸ್ವಾಗತನೃತ್ಯ ಮುಗಿಯಿತು, ಸ್ವಾಗತಿಸಿಕೊಳ್ಳಬೇಕಾದವರ ಸುಳಿವಿಲ್ಲ. ಜನ ಏಳತೊಡಗಿದರು. ಕಾರ್ಯದರ್ಶಿ ಓಡಿಬಂದು, “ತಂಗಿ, ಸಾಹೇಬ್ರು ಇನ್ನಾ ಹಾದ್ಯಾಗ ಅರ. ಇನ್ನೊಂದು ಕುಣೀರಿ, ಎಷ್ಟ ದೊಡ್ಡದಿದ್ರೂ ನಡೀತದ” ಎಂದನು. ಹನ್ನೆರಡು ವರ್ಷದಿಂದ ಕಾದಿದ್ದ ಮಾತು ಅದು! ಮಾಸ್ತರರು ಕನ್ನಡಕದ ಡಬ್ಬಿಯನ್ನು ತೆರೆದರು.

ವರ್ಣದ ನಾಯಿಕೆಯ ಪಾಡನ್ನು ಬಲ್ಲವರು ಬಲ್ಲರು: ಬರುವೆನೆಂದ ಸ್ವಾಮಿ ಬಂದಿಲ್ಲ, ಹೊತ್ತು ಮೀರುತ್ತಿದೆ, ಸಖಿಯೇ ನೀನಾದರೂ ಹೋಗಿ ಕರೆತಾರೆಂಬ ಹಂಬಲವೇ ಅದರ ಸರ್ವಸ್ವ. ಕುಮಾರಿ ಹಣೆಗೆ ಕೈಯಡ್ಡವಿಟ್ಟು ದೂರದ ದಾರಿಯನ್ನು ನಿರುಕಿಸಿದಾಗ ಕಾರ್ಯಕಾರಿ ಮಂಡಳಿಯೆಲ್ಲ ಕುರ್ಚಿಯಿಂದೆದ್ದು ಬೀದರ ರಸ್ತೆಯ ಕಡೆಗೆ ತಿರುಗಿತು. ಆಕೆ ಸಖಿಯನ್ನು ಅಟ್ಟುವಂತೆ ಬೆರಳು ನೀಡಿದಾಗ ಕಾರ್ಯದರ್ಶಿ ಮೋಟರ್‌ಸೈಕಲ್ಲಿನ ಮೇಲೆ ಹುಡುಗನೊಬ್ಬನನ್ನು ಅಟ್ಟಿದನು. ಮಾತು ಕೊಟ್ಟು ತಪ್ಪಿದ ನಾಯಕನನ್ನು ಆಕೆ ಹುಬ್ಬುಗಂಟಿಕ್ಕಿ ಗದರಿದಾಗ ಹಿಂದಿನ ಸಾಲಿನಿಂದ, “ಖರೇ ಅಂದಿ ತಂಗಿ!” ಎಂಬ ಧ್ವನಿ ಕೇಳಿಬಂದಿತು. ಎದ್ದವರು ಕುಳಿತರು. ಇಷ್ಟು ಅರ್ಥವತ್ತಾದ ರಸಾನುಭವವನ್ನು ಮಹಾನಗರಗಳ ವಿಮರ್ಶಕರಿಂದಲೂ ನಾನು ಕಂಡದ್ದಿಲ್ಲ.

ಅಂದಿನಿಂದ ಮಾಸ್ತರರ ಬಳಿ ಹೊಸದೊಂದು ನೋಟ್‌ಬುಕ್ಕು ಇದೆ. ಆಮಂತ್ರಣ ಬಂದೊಡನೆ ಸಂಭಾವನೆ, ವೇದಿಕೆಯ ಅಳತೆ, ಊಟ, ಯಾವುದನ್ನೂ ಕೇಳದೆ, “ಮುಖ್ಯ ಅತಿಥಿ ಯಾರ್ರೀ?” ಎಂದಷ್ಟೇ ವಿಚಾರಿಸುತ್ತಾರೆ. ಸಮಯಪಾಲನೆಗೆ ಹೆಸರಾದವರಾದರೆ ಮಗಳಿಗೆ ಅಂದೇ ಪರೀಕ್ಷೆ ಬಿದ್ದಿರುತ್ತದೆ. ಅರ್ಧ ಗಂಟೆ ತಡಮಾಡುವವರಿಗೆ ಜತಿಸ್ವರ, ಒಂದು ಗಂಟೆಯವರಿಗೆ ವರ್ಣವೆಂದು ನೋಟ್‌ಬುಕ್ಕಿನಲ್ಲಿ ವಿಂಗಡವಾಗಿದೆ. ಎರಡು ಗಂಟೆಗಿಂತ ಮುಂಚೆ ಎಲ್ಲಿಯೂ ಕಾಲಿಟ್ಟ ದಾಖಲೆಯಿಲ್ಲದ ಒಬ್ಬ ಮಹನೀಯರ ಸಭೆ ಮುಂದಿನ ತಿಂಗಳು ಭಾಲ್ಕಿಯಲ್ಲಿ ನಿಶ್ಚಯವಾಗಿದೆಯಂತೆ. ಅಲರಿಪುವಿನಿಂದ ತಿಲ್ಲಾನದವರೆಗೆ ಎಲ್ಲವನ್ನೂ ಮನೆಯಲ್ಲಿ ಮತ್ತೊಮ್ಮೆ ತಿದ್ದಿಕೊಳ್ಳುತ್ತಿದ್ದಾರೆ.